ಅಳಿಸದೆ ಬಿಟ್ಟ ನಾಲ್ಕು ಸಾಲು

ಮೇಡಂ, ಇಸ್ತ್ರಿ ಪೆಟ್ಟಿಗೆ ಒಂದು ನಿಮಿಷ ಕೆಳಗಿಡಿ. ನಾನು ಹೇಳುವುದರಲ್ಲಿ ಒಂದಕ್ಷರವೂ ಸುಳ್ಳಿಲ್ಲ. ಬೇಕಾದರೆ ನನ್ನ ಹೆಂಡತಿಯ ಮೇಲೆ ಆಣೆ. ಅವಳ ಮೇಲೆ ಸುಳ್ಳು ಆಣೆ ಇಡುವ ಧೈರ್ಯ ನನಗಿಲ್ಲ.

ಅರ್ಧ ಗಂಟೆ ಹಿಂದೆ ನನ್ನ ಗಂಟಲಿಗೆ ಸ್ಕ್ರೂಡ್ರೈವರ್ ಒತ್ತಿತ್ತು.

ನಾಲ್ಕು ಜನ. ಒಬ್ಬ ಬಾಗಿಲಿಗೆ ಅಡ್ಡ, ಒಬ್ಬ ಕಿಟಕಿಗೆ ಅಡ್ಡ, ಒಬ್ಬ ನನ್ನ ಎದೆಯ ಮೇಲೆ. ನಾಲ್ಕನೆಯವನಿಗೆ ಜಾಗ ಸಾಲದೆ ಅಡುಗೆಮನೆಯಲ್ಲಿ ನಿಂತಿದ್ದ.

"ಅವಳೆಲ್ಲಿದಾಳೆ?"

"ಗೊತ್ತಿಲ್ಲ."

"ದಿನಾ ನಿನ್ನ ಆ್ಯಪಲ್ಲಿ ಡೈರಿ ಬರೀತಾಳೆ. ಗೊತ್ತಿಲ್ವಾ?"

"ಬರ್ದಿದ್ದು ಅವರವರ ಫೋನಲ್ಲೇ ಇರುತ್ತೆ. ನಂಗೇನೂ ಬರಲ್ಲ."

"ಎಲ್ಲಾ ಆ್ಯಪಿನೋರೂ ಹಾಗೇ ಅಂತಾರೆ."

ಮೊಣಕಾಲಿನಿಂದ ಒಂದು ಕೊಟ್ಟೆ. ಎದ್ದೆ. ಕಿಟಕಿಯಿಂದ ಹಾರಿದೆ. ಎರಡನೇ ಮಹಡಿ… ಕೆಳಗೆ ಹಾಸಿಗೆ ತುಂಬಿದ ಲಾರಿ ಹೋಗುತ್ತಿತ್ತು. ಅದರ ಮೇಲೆ ಬಿದ್ದು, ಸೇತುವೆಯವರೆಗೆ ಮಲಗಿಕೊಂಡೇ ಬಂದೆ.

ಏನಂದಿರಿ? ಗಂಟಲಲ್ಲಿ ಗೀರು ಕೂಡ ಇಲ್ಲವೇ?

ನೋಡಿಬಿಟ್ಟಿರಾ.

ಸರಿ. ನಾಲ್ಕು ಜನ ಇರಲಿಲ್ಲ. ಲಾರಿಯೂ ಇಲ್ಲ. ಹೆಂಡತಿಯ ಸೈಕಲ್ಲಿನಲ್ಲಿ ಬಂದೆ. ಹೊರಗೆ ಹಿಂದುಗಡೆ ನಿಂತಿದೆ, ಮುಂದೆ ಬುಟ್ಟಿ ಇರುವುದು. ಒಂದಕ್ಷರವೂ ಸುಳ್ಳಿಲ್ಲ ಅಂದೆನಲ್ಲ, ಅದು ಇಲ್ಲಿಂದ ಮುಂದಕ್ಕೆ.

ಬಂದವನು ಒಬ್ಬನೇ. ಚಪ್ಪಲಿ ಹೊರಗೇ ಬಿಟ್ಟು ಬಂದ. ತುಂಬ ಮರ್ಯಾದಸ್ಥ.

ಮೊದಲು ನನ್ನ ವಿಷಯ ಹೇಳುತ್ತೇನೆ. ಆ್ಯಪ್ ಮಾಡಿದವನು ನಾನೊಬ್ಬನೇ. ಕೋಡ್ ಬರೆದವನೂ ನಾನೇ, ತಪ್ಪು ಹುಡುಕಬೇಕಾದವನೂ ನಾನೇ. ಹುಡುಕುವವನು ಬರೆದವನಿಗೆ ಸಿಕ್ಕಾಪಟ್ಟೆ ಮರ್ಯಾದೆ ಕೊಟ್ಟ. ಆ್ಯಪ್ ಬಿಡುಗಡೆಯ ದಿನ ದೊಡ್ಡಕ್ಷರದಲ್ಲಿ ಹಾಕಿದೆ… 'ನನ್ನನ್ನು ನಂಬಬೇಕಾಗಿಲ್ಲ. ನನ್ನ ಹತ್ತಿರ ಏನೂ ಬರುವುದೇ ಇಲ್ಲ.' ಜನಕ್ಕೆ ನಂಬಿಕೆ ಬರಲಿ ಅಂತ ಕೆಳಗೆ ಮನೆ ವಿಳಾಸವನ್ನೂ ಹಾಕಿದೆ.

ಮೊದಲ ವಾರವೇ ದೂರು. ಉದ್ದ ಬರೆದರೆ ಆ್ಯಪ್ ತಾನಾಗಿ ಮುಚ್ಚಿಕೊಳ್ಳುತ್ತಿತ್ತು. ಯಾಕೆ ಅಂತ ತಿಳಿಯುವುದು ಹೇಗೆ? ನನ್ನ ಹತ್ತಿರ ಏನೂ ಬರುವುದೇ ಇಲ್ಲವಲ್ಲ. ಅದಕ್ಕೇ ನಾಲ್ಕು ಸಾಲು ಕೋಡ್ ಸೇರಿಸಿದೆ. ಆ್ಯಪ್ ಕೆಟ್ಟು ನಿಂತರೆ, ಆ ಕ್ಷಣ ಪರದೆ ಮೇಲಿದ್ದದ್ದು ನನಗೆ ಬರಲಿ ಅಂತ. ಎರಡು ದಿನದ ಮಟ್ಟಿಗೆ.

"ಆ ನಾಲ್ಕು ಸಾಲು ತೆಗೆದ್ರಾ?" ಅಂತ ಹೆಂಡತಿ ಕೇಳಿದಳು.

"ನಾಳೆ."

"ಫ್ರಿಜ್ ಮೇಲೆ ಚೀಟಿ ಅಂಟಿಸ್ತೀನಿ. ನಿಮ್ಮ ನಾಳೆ ನಂಗೊತ್ತು."

ಅಂಟಿಸಿದಳು. ಚೀಟಿ ಬಿದ್ದು ಫ್ರಿಜ್ ಹಿಂದೆ ಹೋಯಿತು. ಹನ್ನೊಂದು ತಿಂಗಳು ಮರೆತೇಬಿಟ್ಟಿದ್ದೆ.

ಕಡಿಮೆ ಬರೆದವರಿಗೆ ಏನೂ ಆಗಲಿಲ್ಲ, ಮೇಡಂ. ಹೇಳಿಕೊಳ್ಳಲು ತುಂಬ ಇದ್ದವರದ್ದೇ ಬಂದು ಬಿತ್ತು.

ಇವತ್ತು ಬಂದವನು ಸೋಫಾದ ತುದಿಯಲ್ಲಿ ಕೂತ. ಟೀ ಕೊಟ್ಟೆ. ಹೌದು, ನಾನೇ ಮಾಡಿ ಕೊಟ್ಟೆ.

"ನನ್ನ ಹೆಂಡ್ತಿ ನಿಮ್ಮ ಆ್ಯಪ್ ಬಳಸ್ತಾಳೆ ಸರ್. ನಾನೂ ಹಾಕ್ಕೊಳೋಣ ಅಂತಿದೀನಿ. ನಿಜವಾಗ್ಲೂ ನಿಮ್ಮ ಹತ್ರ ಏನೂ ಬರಲ್ವಾ?"

"ಚೂರೂ ಬರಲ್ಲ."

"ಹೇಗೆ ನಂಬೋದು?"

ಅಷ್ಟೇ. ಸ್ಕ್ರೂಡ್ರೈವರ್ ಬೇಕಾಗಲಿಲ್ಲ. ನನ್ನಂಥವನಿಗೆ ಆ ಮಾತೇ ಸಾಕು. ಲ್ಯಾಪ್‌ಟಾಪ್ ತೆಗೆದು ಅವನ ಕಡೆಗೇ ತಿರುಗಿಸಿದೆ. "ಇಡೀ ಸರ್ವರ್ ಇದೇ. ಯಾವ ಪದ ಬೇಕಾದ್ರೂ ಹೇಳಿ, ಹುಡುಕ್ತೀನಿ. ಸೊನ್ನೆ ಬರುತ್ತೆ."

ಅವನು ಟೀ ಊದಿದ. "ಹುಲಿರಾಯ ಅಂತ ಹಾಕಿ."

"ಅದೇನದು?"

"ಮನೇಲಿ ನನ್ನನ್ನ ಹಾಗೆ ಕರೀತಿದ್ಲು."

ನಾನೇ ಟೈಪ್ ಮಾಡಿದೆ. ಈ ಬೆರಳುಗಳಿಂದ.

ಸೊನ್ನೆ ಬರಲಿಲ್ಲ. ಒಂದು ಬಂತು.

'ಲಾಂಡ್ರಿಯಲ್ಲಿ ಕೆಲಸ ಸಿಕ್ಕಿತು. ಹಿಂದುಗಡೆಯೇ ರೂಮು. ಎಡಗೈ ಇನ್ನೂ ಪೂರ್ತಿ ಎತ್ತಲು ಆಗುವುದಿಲ್ಲ. ಹುಲಿರಾಯನಿಗೆ ಮಾತ್ರ ಗೊತ್ತಾಗಬಾರದು…'

ಲ್ಯಾಪ್‌ಟಾಪ್ ಮುಚ್ಚಿದೆ. ಅಷ್ಟರಲ್ಲಿ ಓದಿಬಿಟ್ಟಿದ್ದ. ಟೀ ಮುಗಿಸಿ, ಲೋಟವನ್ನು ತಾನೇ ಸಿಂಕಿಗೆ ಹಾಕಿದ.

"ಥ್ಯಾಂಕ್ಸ್ ಸರ್. ಒಳ್ಳೇ ಆ್ಯಪ್."

ನೀವು ಆ ಕೈಯನ್ನು ಮುಚ್ಚಿಡಬೇಡಿ, ಮೇಡಂ. ಬಾಗಿಲಲ್ಲಿ ನಿಂತಾಗಲೇ ನೋಡಿದೆ. ಹ್ಯಾಂಗರಿಗೆ ಬಲಗೈ ಮಾತ್ರ ಎತ್ತುತ್ತಿದ್ದಿರಿ.

ಊರಲ್ಲಿ ಲಾಂಡ್ರಿ ಎರಡೇ. ಅವನ ಕಾರು ಸ್ಟೇಷನ್ ಹತ್ತಿರದ ದೊಡ್ಡದರ ಕಡೆಗೆ ತಿರುಗಿತು. ನಾನು ಈ ಕಡೆ ತುಳಿದೆ. ಅಲ್ಲಿಗೆ ಹೋಗಿ, ವಿಚಾರಿಸಿ, ಇಲ್ಲಿಗೆ ಬರಲು ಅವನಿಗೆ ಮುಕ್ಕಾಲು ಗಂಟೆ ಬೇಕು. ಸೈಕಲ್ಲಿಗೇ ಅರ್ಧ ಗಂಟೆ ಹೋಯಿತು.

ಅದರ ಮೇಲೆ ಹತ್ತು ನಿಮಿಷ ಆ ನಾಲ್ಕು ಜನ ತಿಂದರು. ಹಾಸಿಗೆ ಲಾರಿಯೂ ಸೇರಿ.

ಬೈಯಿರಿ. ಬಂದ ಕೂಡಲೇ ಹೇಳಬೇಕಿತ್ತು. ಆದರೆ ನಾನೇ ಟೀ ಮಾಡಿ, ನಾನೇ ಹುಡುಕಿ ಕೊಟ್ಟೆ ಅಂತ ನಿಮ್ಮ ಮುಖ ನೋಡಿ ಹೇಗೆ ಶುರು ಮಾಡಲಿ? ನಾಲ್ಕು ಜನ ಬಡಿದು ಬಾಯಿ ಬಿಡಿಸಿದರು ಅಂದರೆ ಸ್ವಲ್ಪ ಹಗುರಾಗುತ್ತದೆ ಅಂದುಕೊಂಡೆ. ಆಗಲಿಲ್ಲ.

ಬ್ಯಾಗ್ ಸಿದ್ಧವೇ ಇತ್ತೇ? ಇಲ್ಲಿಗೆ ಬಂದ ದಿನದಿಂದಲೂ?

ನನಗಿಂತ ನೀವೇ ಗಟ್ಟಿ.

ಹಿಂದಿನ ಬಾಗಿಲು ಒಳ್ಳೆಯದು. ಸೈಕಲ್ ತೊಗೊಳ್ಳಿ, ಬ್ರೇಕ್ ಬಲಗೈಯದೊಂದೇ ಹಿಡಿಯುತ್ತದೆ, ನಿಮಗೆ ಅದೇ ಸಾಕು. ಅವನು ಬಂದರೆ ನಾನು ಇಲ್ಲೇ ಇರುತ್ತೇನೆ. ಇಸ್ತ್ರಿ ಪೆಟ್ಟಿಗೆ ಕಾದಿದೆಯಲ್ಲ. ಸುಳ್ಳು ಹೇಳಲು ನನಗೆ ಬರುತ್ತದೆ ಅಂತ ನೀವೇ ನೋಡಿದಿರಿ, ಈ ಸಲ ಸರಿಯಾದವನಿಗೆ ಹೇಳುತ್ತೇನೆ.

ಮೇಡಂ, ಒಂದೇ ಮಾತು! ಆ್ಯಪಲ್ಲಿ 'ಎಲ್ಲ ಅಳಿಸು' ಅಂತ ಒತ್ತಿದರೆ, ಯಾಕೆ ಬಿಟ್ಟು ಹೋಗುತ್ತಿದ್ದೀರಿ ಅಂತ ಕೇಳುತ್ತದೆ. ಅಲ್ಲಿ ಎಲ್ಲಿಗೆ ಹೋಗುತ್ತೀರಿ ಅಂತ ಮಾತ್ರ ಬರೆಯಬೇಡಿ, ಅದೂ ನನಗೇ ಬರು…