ಹಳದಿ ಬಲ್ಬಿನ ಭಾನುವಾರ

"ಇವರ ಮುಖ ಒಸಿ ಸರಿ ಮಾಡ್ಕೊಡಿ..."

ಮೆಮೊರಿ ಕಾರ್ಡನ್ನು ಸ್ಟುಡಿಯೋದ ಮೇಜಿನ ಮೇಲಿಟ್ಟವನನ್ನು ಶಿವರಂಜನಿ ತಲೆಯೆತ್ತಿ ನೋಡಿದಳು. ಅವನೇ! ಭಾನುವಾರ ಸತ್ತೇಗಾಲದ ಅವಳ ಮನೆಗೆ ಹೆಣ್ಣು ನೋಡಲು ಬಂದಿದ್ದ ಹನೂರಿನ ಪ್ರಭುಸ್ವಾಮಿ!

ಅವನೂ ಬೆಪ್ಪಾದ. "ನೀವಾ...? ಕೊಳ್ಳೇಗಾಲದಲ್ಲಿ ಕಂಪ್ಯೂಟರ್ ಕೆಲ್ಸ ಅಂದಿದ್ರು. ಈ ಸ್ಟುಡಿಯೋ ಅಂತ ಗೊತ್ತಿರ್ನಿಲ್ಲ ಕಣ್ರಿ."

"ಗೊತ್ತಿದ್ರೆ ಬೇರೆ ಕಡೆ ಓಗ್ತಿದ್ರೇನೋ!"

ಅವಳು ಕಾರ್ಡನ್ನು ಕಂಪ್ಯೂಟರಿಗೆ ಸಿಕ್ಕಿಸಿದಳು. ಊರೆಲ್ಲ ಮೊಬೈಲಿನಲ್ಲಿ ಫೋಟೋ ಹೊಡೆಯುತ್ತಿರುವಾಗ ಈ ಮಹಾಶಯ ಅಂದು ಅಂಗೈಯಗಲದ ಹಳೇ ಡಿಜಿಟಲ್ ಕ್ಯಾಮೆರಾ ಹಿಡಿದು ಬಂದಿದ್ದ. ಪರದೆಯ ಮೇಲೆ ಅವಳೇ ಕುಳಿತಿದ್ದಳು. ಗೋಡೆ ಹಳದಿ, ಸೀರೆ ಹಳದಿ, ಮುಖ ಕಾಮಾಲೆ ಬಂದವರದ್ದು. ಹಣೆಯ ವಿಭೂತಿಯೂ ಅರಿಶಿನವಾಗಿತ್ತು!

ತಪ್ಪು ಕ್ಯಾಮೆರಾದ್ದೊಂದೇ ಅಲ್ಲ. ಅವಳವ್ವ ಚನ್ನಮಲ್ಲಮ್ಮ ಅಂದು ನಡುಮನೆಯ ಕಿಟಕಿ ಮುಚ್ಚಿ, ಟ್ಯೂಬ್‌ಲೈಟ್ ಆರಿಸಿ, ಹಳೇ ಹಳದಿ ಬಲ್ಬು ಹಾಕಿದ್ದಳು. "ಅಳದಿ ಬೆಳಕಲ್ಲಿ ಕಪ್ಪು ಕಾಣಲ್ಲ ಕಣವ್ವ" ಎಂಬುದು ಆಕೆಯ ಮಹಾವಿದ್ಯೆ! ಹಿಂದೆ ಬಂದ ಗಂಡುಗಳೆಲ್ಲ ಮಗಳ ಬಣ್ಣ ನೋಡಿಯೇ ಬೇಡವೆಂದಿದ್ದರು. ಮಗಳು ಹಲ್ಲು ಕಚ್ಚಿಕೊಂಡು ಕುಳಿತಿದ್ದಳು.

"ಅವ್ವಂಗೆ ಮಂಡಿ ನೋವು, ಬರಕಾಗ್ನಿಲ್ಲ," ಎಂದ ಪ್ರಭುಸ್ವಾಮಿ. "ಕ್ಯಾಮೆರಾದಲ್ಲಿ ನೋಡ್ಬುಟ್ಟು, ಇಂಗಿದ್ರೆ ನಾ ಒಪ್ಪಲ್ಲ ಅಂದ್ಲು. ಅದ್ಕೇ..."

ಬಂತು ನೋಡಿ!

ಈ ಕುರ್ಚಿಯಲ್ಲಿ ಕುಳಿತು ಅವಳು 'ಬೆಳ್ಳಗೆ ಮಾಡಿ' ಎಂಬ ಇದೇ ಮಾತನ್ನು ಎಷ್ಟು ಬಾಯಿಂದ ಕೇಳಿರಲಿಲ್ಲ! ಹೆತ್ತವರಿಗೆ ಹೆಗ್ಗಣ ಮುದ್ದು. ಸೊಸೆ ಮಾತ್ರ ಹಾಲಲ್ಲಿ ಅದ್ದಿ ತೆಗೆದಂತಿರಬೇಕು. 'ಇವನೂ ಅದೇ ಸಂತೆಯ ಸರಕು... ಥೂ!'

ಭಾನುವಾರ ಅವನ ಮೆಲುದನಿ ಕೇಳಿ ಒಂದು ಗಳಿಗೆ ಆಸೆಪಟ್ಟಿದ್ದಳಲ್ಲ, ಅದಕ್ಕೇ ಸಿಟ್ಟು ಹೆಚ್ಚಾಗಿತ್ತು. ಮೌಸನ್ನು ಎಳೆದೆಳೆದು ಮುಖವನ್ನು ಬಿಳುಪು ಮಾಡಿದಳು. ಮೂಗು ಮಾಯವಾಗಿ ಹುಬ್ಬು, ಬೊಟ್ಟು ಉಳಿದವು.

"ತಕಳಿ. ಸಾಕಾ, ಇನ್ನೊಂದ್ ಕೋಟು ಸುಣ್ಣ ಬಳೀಬೇಕಾ?"

"ಇದ್ಯಾರು?"

"ನಿಮ್ಮವ್ವಂಗೆ ಬೇಕಾದ ಸೊಸೆ!"

ಅವನ ಮುಖ ಸಪ್ಪಗಾಯಿತು. "ತೆಗೀರಿ ಅದ್ನ... ಭಾನ್ವಾರ ನಾವು ಒಂಟಾಗ ನಿಮ್ಮನೆ ಇತ್ಲಲ್ಲಿ ಕೈ ತೊಳ್ಯಕೆ ನೀರು ಉಯ್ದ್ರಲ್ಲ, ಬಿಸ್ಲಲ್ಲಿ. ಆ ಮುಖ ಬೇಕು ನಂಗೆ."

ಅವಳು ಮೌಸ್ ಬಿಟ್ಟು ಅವನತ್ತ ತಿರುಗಿದಳು.

"ಅವ್ವನೇ ಅಂದ್ಲು... 'ಬೇಕಂತ್ಲೇ ಅಳದಿ ಬಲ್ಬು ಆಕವ್ರೆ ಕಣ್ಲಾ. ನನ್ನೂ ನಿಮ್ಮಪ್ಪಂಗೆ ಬುಡ್ಡಿ ದೀಪದಲ್ಲೇ ತೋರ್ಸಿದ್ದು. ಆ ಮಗೀನ ನಿಜವಾದ ಮುಖ ತಕಂಡ್ ಬಾ, ಅಲ್ಲೀಗಂಟ ಒಪ್ಪಲ್ಲ' ಅಂತ. ನಮ್ಮವ್ವ ನಿಮಗಿಂತ ಕಪ್ಪು ಕಣ್ರಿ!"

ಶಿವರಂಜನಿಗೆ ನಾಚಿಕೆಯಾಯಿತು. ಕೇಳುವ ಮೊದಲೇ ತೀರ್ಪು ಕೊಟ್ಟುಬಿಟ್ಟಿದ್ದಳು, ಅವಳನ್ನು ಬೇಡವೆಂದ ಗಂಡುಗಳ ಹಾಗೆಯೇ.

ಮೂಲ ಫೋಟೋ ತೆರೆದಳು. ಮನೆಯೊಳಗಿನ ಫೋಟೋಗಳಿಗೆ ಅವಳದ್ದೊಂದು ಉಪಾಯವಿತ್ತು. ವಿಭೂತಿ ಯಾರ ಹಣೆಯಲ್ಲಿದ್ದರೂ ಬಿಳಿಯೇ. ಇದು ಬಿಳಿ ಎಂದು ಕಂಪ್ಯೂಟರಿಗೆ ತೋರಿಸಿದರೆ ಉಳಿದ ಬಣ್ಣಗಳೂ ದಾರಿಗೆ ಬರುತ್ತವೆ. ಎಲ್ಲರಿಗೂ ಮಾಡಿದ್ದಳು, ತನ್ನ ಫೋಟೋಗೆ ಮಾತ್ರ ಧೈರ್ಯ ಬಂದಿರಲಿಲ್ಲ. ಇದನ್ನು ನೋಡಿ ಇವನೂ ಎದ್ದು ಹೋದರೆ...?

ಹಣೆಯ ವಿಭೂತಿಯ ಮೇಲೆ ಕ್ಲಿಕ್ ಮಾಡಿದಳು.

ಗೋಡೆ ಬೆಳ್ಳಗಾಯಿತು. ಸೀರೆ ಹಸಿರಾಯಿತು. ನಡುವೆ ಅವಳ ಎಣ್ಣೆಗಪ್ಪು ಮುಖ, ಇದ್ದದ್ದು ಇದ್ದ ಹಾಗೆ.

"ಇದೇ ನಾನು..." ಪರದೆಯನ್ನು ಪೂರ್ತಿ ಅವನತ್ತ ತಿರುಗಿಸಿದಳು. "ಸರಿಯಾಗಿ ನೋಡ್ಕಳಿ. ಆಮೇಲೆ ಬ್ಯಾಡ ಅನ್ಬ್ಯಾಡಿ."

"ನೋಡ್ಕಂಡೇ ಬಂದಿದ್ದು ಕಣ್ರಿ. ನಂಗೆ ನೀವು ಇಷ್ಟ. ನಿಮ್ಗೆ...?"

ತುಂಬಿದ ಕಣ್ಣು ಮರೆಸಲು ಅವಳು ಪ್ರಿಂಟರ್ ಕಡೆ ತಿರುಗಿದಳು. "ಎಷ್ಟು ಕಾಪಿ?"

"ಒಂದು. ಅವ್ವಂಗೆ."

"ನಿಮಗ್ ಬ್ಯಾಡ್ವಾ?"

"ನೀವೇ ಮನೆಗ್ ಬರಂಗಿದ್ರೆ ಫೋಟೋ ಯಾಕೆ?"

"ಬತ್ತೀನಿ," ಎಂದಳು ಶಿವರಂಜನಿ. "ಆದ್ರೆ ನಿಮ್ಮನೇಲಿ ಅಳದಿ ಬಲ್ಬಿದ್ರೆ ಇವತ್ತೇ ತೆಗ್ದಾಕಿ!"