ಪಕ್ಕದ ಮನೆಯವನ ಅಭ್ಯಂತರ

"ಇವರು ಮನೆಯನ್ನ ಪ್ರವಾಸಿಗರಿಗೆ ದಿನದ ಬಾಡಿಗೆಗೆ ಬಿಟ್ಟು ಟ್ಯಾಂಜಿಯರ್‌ಗೆ ಹೋಗ್ತಾರಂತೆ. ಪಕ್ಕದ ಮನೆಯವರು ನೀವು, ಅಭ್ಯಂತರ ಏನಾದ್ರೂ ಇದೆಯಾ?"

ಪುರಸಭೆಯ ಅಧಿಕಾರಿ ಕೇಳಿದಾಗ ಇಬ್ತಿಸಾಮ್ ನಿಶ್ಚಿಂತೆಯಿಂದಿದ್ದಳು. ಓಣಿಯವರೆಲ್ಲ ತಂದುಕೊಟ್ಟ ಹಿಟ್ಟಿನಿಂದ ತನ್ನ ಒಲೆಯಲ್ಲಿ ರೊಟ್ಟಿ ಸುಟ್ಟುಕೊಡುವ ಝುಹೈರ್ ಯಾರಿಗೂ ಅಡ್ಡ ಬಂದವನಲ್ಲ.

"ಇದೆ," ಎಂದ ಝುಹೈರ್!



ತೆತುವಾನ್ ಊರಿನ ಆ ಹಳೇ ಪೇಟೆಯಲ್ಲಿ ಗೋಡೆ ಹಂಚಿಕೊಂಡ ನೆರೆಯವರು ಒಪ್ಪದೆ ಇಂಥ ಬಾಡಿಗೆಗೆ ಅನುಮತಿ ಸಿಗುತ್ತಿರಲಿಲ್ಲ. ತಲಾಖ್ ಆದ ಮೇಲೆ ಅವಳಿಗಿದ್ದ ಆಸರೆ ಅಜ್ಜಿಯ ಆ ಮನೆಯೊಂದೇ. ಅದನ್ನು ಬಾಡಿಗೆಗೆ ಬಿಟ್ಟು, ಟ್ಯಾಂಜಿಯರ್‌ನಲ್ಲಿದ್ದ ಅಕ್ಕನ ಜೊತೆ ಇರುವುದೆಂದುಕೊಂಡಿದ್ದಳು.

ಹೊರಗೆ ಬಂದವಳೇ ಸಿಡಿದಳು.

"ನೀವೂ ಓಣಿಯವರ ಹಾಗೇನಾ? ಗಂಡ ಬಿಟ್ಟವಳು, ಕಂಡಕಂಡವರನ್ನ ಮನೆಗೆ ಸೇರಿಸ್ತಾಳೆ ಅಂತ!"

"ಅಯ್ಯೋ, ಹಾಗಲ್ಲ..."

"ಸಾಕು!"

ಅಂದಿನಿಂದ ಅವಳ ಹಿಟ್ಟು ಅವನ ಒಲೆಗೆ ಹೋಗಲಿಲ್ಲ. ವಾರ ಕಳೆಯಿತು. ಝುಹೈರನ ತಾಯಿ ಲಲ್ಲಾ ರಹ್ಮಾ ಬಾಗಿಲು ತಟ್ಟಿದರು.

"ಏನೇ ಹುಡುಗಿ, ಅಂಗಡಿ ರೊಟ್ಟಿ ತಿಂತಿದೀಯಂತೆ? ಅಷ್ಟು ಕೋಪಾನಾ?"

"ನಿಮ್ಮ ಮಗನನ್ನೇ ಕೇಳಿ, ಖಾಲಾ."

"ಕೇಳಿದೆ. ಇವತ್ತು ಹೋಗಿ ಅಭ್ಯಂತರ ಇಲ್ಲ ಅಂತ ಹೇಳಿ ಬಂದ. ಬಂದವನು ಒಲೇನೂ ಹಚ್ಚಿಲ್ಲ. 'ಹೋಗ್ಲಿ ಅಮ್ಮಾ, ಅವಳನ್ನ ತಡೆಯೋಕೆ ನಾನ್ಯಾರು' ಅಂತಾನೆ."

ಇಬ್ತಿಸಾಮ್ ಚಪ್ಪಲಿ ಮೆಟ್ಟುವುದನ್ನೂ ಮರೆತು ಓಡಿದಳು.

ತಣ್ಣಗಿದ್ದ ಒಲೆಯ ಮುಂದೆ ಕೂತಿದ್ದ ಝುಹೈರ್ ತಲೆ ಎತ್ತಲಿಲ್ಲ.

"ನೀವು ಊರು ಬಿಡ್ತೀರಿ ಅಂತ ನನಗೆ ಗೊತ್ತೇ ಇರಲಿಲ್ಲ. ಆ ಅಧಿಕಾರಿ ಹೇಳಿದ ಕೂಡಲೇ ಬಾಯಿಗೆ ಅದೇ ಬಂತು... ತಪ್ಪು ನನ್ನದು."

"ನನ್ನ ಅನ್ನಕ್ಕೆ ಕಲ್ಲು ಹಾಕೋ ಬದಲು ಒಂದು ಮಾತು ಹೇಳಬಾರದಿತ್ತಾ?"

"ಧೈರ್ಯ ಬರಲಿಲ್ಲ."

ಅವಳಿಗೆ ಕೋಪ ಇನ್ನೂ ಇತ್ತು. ಆದರೂ ಕಣ್ಣು ತುಂಬಿತು. 'ಗಂಡನ ಮನೆ ಬಿಟ್ಟು ಹೊರಟಾಗ ಹೋಗಬೇಡ ಅಂದವರು ಒಬ್ಬರಾದರೂ ಇದ್ದರಾ...?'

ಮರುದಿನ ಅವಳು ಪುರಸಭೆಗೆ ಹೋಗಿ ಊರು ಬಿಡದೆ ಬಾಡಿಗೆಗೆ ಕೊಡುವ ದಾರಿ ಇದೆಯಾ ಎಂದು ವಿಚಾರಿಸಿದಳು. ದಾರಿ ಇತ್ತು! ಅಲ್ಲಿಂದ ನೇರ ಝುಹೈರನ ಬಳಿ ಬಂದಳು.

"ಮಹಡಿ ಮಾತ್ರ ಬಾಡಿಗೆಗೆ ಕೊಡ್ತೀನಿ. ಆದ್ರೆ ಯಜಮಾನಿ ಕೆಳಗೇ ವಾಸ ಇರಬೇಕಂತೆ."

"ಇರ್ತೀರಾ?" ಅವನು ತಟ್ಟನೆ ಎದ್ದು ನಿಂತ.

"ಇರ್ತೀನಿ. ಒಂದೇ ಚಿಂತೆ... ಮದುವೆಯಾಗಿ ಪಕ್ಕದ ಮನೆಗೆ ಹೋದ್ರೆ ಅನುಮತಿ ರದ್ದಾಗುತ್ತಂತೆ."

ಅರ್ಥವಾಗಲು ಅವನಿಗೆ ಒಂದು ಕ್ಷಣ ಬೇಕಾಯಿತು.

"ಹಾಗಿದ್ರೆ ನಾನೇ ನಿಮ್ಮನೆಗೆ ಬರ್ತೀನಿ!"

"ಖಾಲಾ ಒಪ್ತಾರಾ?"

"ಅಮ್ಮನಾ? ನನ್ನ ಬಟ್ಟೆ ಗಂಟು ಕಟ್ಟೋಕೆ ಅವಳೇ ಮೊದಲು ಕೂರ್ತಾಳೆ!"