ಪುಡಿಹಿಮದ ದಿನ ಕೇಳಿದ್ದು

ಹೆಲ್ಮೆಟ್, ಗಾಗಲ್ಸ್, ಮೂಗಿನವರೆಗೆ ಎಳೆದುಕೊಂಡ ಉಣ್ಣೆಯ ಪಟ್ಟಿ. ಅಷ್ಟರ ಹಿಂದಿನಿಂದ ಬಂದ ದನಿಯನ್ನು ಸಂಪ್ರೀತಾ ಎರಡನೇ ಮಾತಿಗೇ ಗುರುತಿಸಿದಳು.

"ಧನುಶ್ರೀ ಅಲ್ವಾ? ನಾನು ನಿಮ್ಮ ಇನ್‌ಸ್ಟ್ರಕ್ಟರ್. ಕನ್ನಡದ ಹೆಸರು ನೋಡಿ ಖುಷಿಯಾಯ್ತು."

ಪ್ರಹ್ಲಾದ. ಹನ್ನೆರಡು ವರ್ಷಗಳಾಗಿದ್ದವು.

ಧನುಶ್ರೀ ಎಂದರೆ ನೆದರ್‌ಲ್ಯಾಂಡ್ಸಿನ ವೆಲ್ಡ್‌ಹೋವನ್‌ನಲ್ಲಿ ಅವಳ ಪಕ್ಕದ ಡೆಸ್ಕಿನ ಗೆಳತಿ. ಈ ಒಳಾಂಗಣ ಹಿಮದ ಹಾಲ್‌ನಲ್ಲಿ ಸ್ಕೀ ಪಾಠ ಬುಕ್ ಮಾಡಿದ್ದು ಅವಳೇ. ಬೆಳಿಗ್ಗೆ ಜ್ವರ ಬಂದು, "ಸ್ಲಾಟ್ ವೇಸ್ಟ್ ಆಗತ್ತೆ ಕಣೇ, ನೀನೇ ಹೋಗು" ಎಂದು ಇವಳನ್ನು ಕಳಿಸಿದ್ದಳು. ಸಂಪ್ರೀತಾಳ ಮುಖವೂ ಕಣ್ಣಿನವರೆಗೆ ಮುಚ್ಚಿತ್ತು. ನಾನು ಧನುಶ್ರೀ ಅಲ್ಲ ಎನ್ನಲು ಬಾಯಿ ತೆರೆದವಳು ಸುಮ್ಮನೆ ತಲೆಯಾಡಿಸಿದಳು. ಇನ್ನೊಂದು ಸ್ವಲ್ಪ ಹೊತ್ತು ಅವನನ್ನು ಹೀಗೇ ನೋಡಬೇಕೆನಿಸಿತು.

ಶನಿವಾರದ ಮಧ್ಯಾಹ್ನ. ಬೆಳಿಗ್ಗೆಯಿಂದ ನೂರಾರು ಜನ ಜಾರಿ ಹಿಮವೆಲ್ಲ ಕದಡಿ ಹೋಗಿತ್ತು. ಇಳಿಜಾರಿನ ಬಲ ಅಂಚಿನಲ್ಲಿ ಮೊಣಕಾಲೆತ್ತರದ ಗುಪ್ಪೆಗಳು, ಒದ್ದೆ ಅಕ್ಕಿಹಿಟ್ಟಿನಂತೆ ಭಾರ.

"ಎಲ್ಲರೂ ಇದನ್ನ ಕೆಟ್ಟ ಹಿಮ ಅಂತಾರೆ," ಅವನೆಂದ. "ನಂಗೆ ಇದೇ ಇಷ್ಟ. ಗುಪ್ಪೆ ಬಂತು ಅಂತ ಕಾಲು ಬಿಗಿ ಮಾಡ್ಬೇಡಿ. ಮೊಣಕಾಲು ಸಡಿಲ ಇರ್ಲಿ, ಅದೇ ನಿಮ್ಮ ಸ್ಪ್ರಿಂಗು. ಕೈ ಎರಡೂ ಮುಂದೆ, ಟ್ರೇ ಹಿಡ್ಕೊಂಡ ಹಾಗೆ. ಕಣ್ಣು ಈ ಗುಪ್ಪೆ ಮೇಲಲ್ಲ, ಮುಂದಿನ ಎರಡು ತಿರುವಿನ ಮೇಲೆ."

ಅವಳು ಇಳಿದಳು. ಮೊದಲ ಗುಪ್ಪೆ ದಾಟಿತು. ಎರಡನೆಯದಕ್ಕೆ ಎದೆ ಹೆದರಿ ಮೈ ಹಿಂದಕ್ಕೆ ವಾಲಿತು, ಸ್ಕೀಗಳು ಮುಂದಕ್ಕೋಡಿದವು, ಅವಳು ಕುಳಿತಲ್ಲೇ ಕುಸಿದಳು.

"ಅಯ್ಯಬ್ಬಾ, ಎಂತ ಸಾವು ಮಾರಾಯ ಇದು!"

ಕೈ ಕೊಡಲು ಬಾಗಿದವನು ಹಾಗೇ ನಿಂತುಬಿಟ್ಟ. ನಿಧಾನವಾಗಿ ತನ್ನ ಗಾಗಲ್ಸ್ ಹಣೆಗೇರಿಸಿದ. ಕಣ್ಣಂಚಿನಲ್ಲಿ ಹೊಸ ಗೆರೆಗಳು, ಕಣ್ಣು ಮಾತ್ರ ಅವೇ.

"ಸಂಪ್ರೀತಾ?"

"ಹೂಂ."

"ಧನುಶ್ರೀ ಅಂದೆ?"

"ನಾನೆಲ್ಲಿ ಅಂದೆ? ನೀನೇ ಅಂದಿದ್ದು."

ಅವನು ನಕ್ಕ. ಹಿಮದಲ್ಲಿ ಕುಳಿತೇ ಅವಳೂ ನಕ್ಕಳು. ನಗು ಮುಗಿದ ಮೇಲೆ ಇಬ್ಬರಿಗೂ ಎಲ್ಲಿ ನೋಡಬೇಕೆಂದು ತಿಳಿಯಲಿಲ್ಲ.

ಇದೇ ದೇಶದ ಎನ್ಸ್‌ಕೆಡೆಯಲ್ಲಿ ಓದುವಾಗ ಇಬ್ಬರೂ ಒಂದೇ ಹಾಸ್ಟೆಲಿನ ಅಡುಗೆಮನೆ ಹಂಚಿಕೊಂಡಿದ್ದರು. ಮಂಗಳೂರಿನ ಅವಳು ಭಾನುವಾರ ಪ್ಯಾನ್‌ಕೇಕ್ ಕಾವಲಿಯಲ್ಲಿ ನೀರ್ದೋಸೆ ಹುಯ್ಯುತ್ತಿದ್ದಳು. ಮೈಸೂರಿನ ಅವನು ಪಕ್ಕದಲ್ಲಿ ತಟ್ಟೆ ಹಿಡಿದು ನಿಂತು, ಒಂದೊಂದು ದೋಸೆಗೂ ಒಂದೊಂದು ತುಳು ಪದ ಕಲಿಯುತ್ತಿದ್ದ. ಬಜಾರಿನಿಂದ ಕೊತ್ತಂಬರಿ ತಂದರೆ ಕಟ್ಟು ಅವಳ ಸೈಕಲ್ಲಿನ ಬುಟ್ಟಿಯಲ್ಲಿ, ಅವನ ಸೈಕಲ್ಲು ಅವಳ ಪಕ್ಕದಲ್ಲಿ. ಪ್ರೀತಿ ಎಂಬ ಮಾತನ್ನು ಇಬ್ಬರೂ ಆಡಿರಲಿಲ್ಲ.

ಕೊನೆಯ ವರ್ಷದ ಫೆಬ್ರವರಿಯಲ್ಲಿ ವಿದ್ಯಾರ್ಥಿಗಳ ಗುಂಪು ಆಸ್ಟ್ರಿಯಾಕ್ಕೆ ಹೋಯಿತು. ಎರಡು ದಿನ ಬಿಡದೆ ಬಿದ್ದ ಹಿಮ, ಮುಟ್ಟಿದರೆ ಹಾರುವ ಪುಡಿ. ಅದರಲ್ಲಿ ಅವಳು ಬಿದ್ದಾಗ ಒಂದು ಸ್ಕೀ ಹೂತುಹೋಯಿತು. ಅವಳು ಬಿದ್ದ ಜಾಗದಿಂದ ಕೆಳಗೆ ಹುಡುಕುತ್ತಿದ್ದರೆ, ಅವನು ಮೇಲೆ ಹತ್ತಿ ಕೋಲಿನಿಂದ ಅಡ್ಡಡ್ಡ ಗೀರುತ್ತ ಹೋದ. "ನೀನು ಉರುಳಿ ಕೆಳಗೆ ಬಂದೆ, ಸ್ಕೀ ಬರಲಿಲ್ಲ. ಅದು ಯಾವಾಗಲೂ ಮೇಲೇ ಇರತ್ತೆ," ಎಂದ. ಸಿಕ್ಕಿತು. ತೂಕ ಎರಡೂ ಕಾಲಿನ ಮೇಲೆ ಸಮವಾಗಿರಲಿ, ವೇಗಕ್ಕೆ ಹೆದರಬೇಡ, ವೇಗವೇ ಪುಡಿಹಿಮದಲ್ಲಿ ತೇಲಿಸುತ್ತದೆ ಎಂದು ಹೇಳಿಕೊಡುತ್ತ ಸಂಜೆವರೆಗೆ ಅವಳ ಜೊತೆಗೇ ಇಳಿದ.

ಅವತ್ತು ಕೊನೆಯ ಸಲ ಚೇರ್‌ಲಿಫ್ಟಿನಲ್ಲಿ ಮೇಲೇರುವಾಗ ಅವನು ಏನೋ ಕೇಳಿದ್ದ. ಮರುದಿನದಿಂದ ದೂರವಾದ. ಜೂನ್‌ನಲ್ಲಿ ಹಾರ್ಲೆಮ್‌ಗೆ ಕೆಲಸಕ್ಕೆ ಹೋದವನು ಒಂದು ಮೆಸೇಜಿಗೂ ಉತ್ತರಿಸಲಿಲ್ಲ.

ಈಗ ಕೆಫೆಯ ಕಿಟಕಿಯ ಬಳಿ, ಬಟಾಣಿ ಸೂಪಿನ ಬಟ್ಟಲು ಮುಂದಿಟ್ಟುಕೊಂಡು ಅವಳೇ ಶುರುಮಾಡಿದಳು.

"ನಾನೇನು ತಪ್ಪು ಮಾಡಿದ್ದೆ, ಪ್ರಹ್ಲಾದ?"

"ನೀನಾ? ಏನೂ ಇಲ್ಲ. ನಾನು ಕೇಳಿದೆ. ನೀನು ಇಲ್ಲ ಅಂದೆ."

"ಎಂತ ಕೇಳಿದ್ದೆ?"

ಅವನು ಚಮಚ ಕೆಳಗಿಟ್ಟ. ಕಿವಿಯ ತುದಿ ಕೆಂಪಾಯಿತು. "ತುಳುವಿನಲ್ಲಿ ತಿಂಗಳೆಲ್ಲ ಪ್ರಾಕ್ಟೀಸ್ ಮಾಡಿದ್ದೆ. 'ಈ ಎನನ್ ಮದಿಮೆ ಆಪನಾ?'"

ನೀನು ನನ್ನನ್ನು ಮದುವೆಯಾಗುತ್ತೀಯಾ. ಸಂಪ್ರೀತಾಳ ಕೈ ಬಟ್ಟಲಿನ ಮೇಲೇ ನಿಂತಿತು.

"ಲಿಫ್ಟಿನ ಗಾಳೀಲಿ ನಂಗೆ 'ಮದಿಮೆ ಆಪನಾ' ಅಂತ ಮಾತ್ರ ಕೇಳಿಸ್ತು. ನಿಂಗೆ ಮದುವೆನಾ ಅಂತ! ಅಪ್ಪ ಆ ವಾರವೇ ಒಂದು ಸಂಬಂಧ ಹೇಳಿದ್ರು. ನಿಂಗೆ ಯಾರೋ ಹೇಳಿಬಿಟ್ಟಿದ್ದಾರೆ ಅಂದ್ಕೊಂಡೆ."

"ಅದಕ್ಕೆ ನೀನು 'ಹೂಂ, ಮನೇಲಿ ಹುಡುಗನ್ನ ನೋಡಿದ್ದಾರೆ' ಅಂದೆ."

"ನೀನು 'ಬೇಡ' ಅನ್ಲಿ ಅಂತ ಹಾಗಂದೆ ಮಾರಾಯ! ನೀನು 'ಕಂಗ್ರಾಟ್ಸ್' ಅಂದೆ."

ಕಿಟಕಿಯಾಚೆ ಮಕ್ಕಳ ಸಾಲೊಂದು ಬಾತುಕೋಳಿಗಳಂತೆ ಇಳಿಯುತ್ತಿತ್ತು.

"ಮದುವೆ?" ಅವನು ಮೆಲ್ಲಗೆ ಕೇಳಿದ.

"ಆಗಲಿಲ್ಲ. ನಿಶ್ಚಿತಾರ್ಥಕ್ಕೆ ಮೊದಲೇ ಅಪ್ಪನ ಹತ್ರ ಬೇಡ ಅಂದೆ. ಒಂದು ವರ್ಷ ಮಾತಾಡ್ಲಿಲ್ಲ ಅವರು. ನಿಂದು?"

"ಇಲ್ಲ. ನಿಂಗೋಸ್ಕರ ಕಾದೆ ಅಂತ ಸುಳ್ಳು ಹೇಳಲ್ಲ. ಇಬ್ಬರನ್ನ ನೋಡಿ ಬಂದೆ. ಅವರ ಮುಂದೆ ಕೂತು ನೀನು ದೋಸೆ ಹುಯ್ಯೋದು ನೆನಪಾಗ್ತಿತ್ತು. ಅವರಿಗೆ ಅನ್ಯಾಯ ಅನ್ನಿಸ್ತು."

ಅವಳಿಗೆ ಅಳು ಬಂತು. ಬರುತ್ತಿದ್ದಂತೆಯೇ ಸಿಟ್ಟೂ ಬಂತು. ಒಂದು ಸಲ ತಿರುಗಿ ಕೇಳಿದ್ದರೆ! ಅವನೋ, ತಾನೋ.

"ಇನ್ನು ಮೂರು ವಾರದಲ್ಲಿ ನಾನು ತೈವಾನ್‌ಗೆ ಹೋಗ್ತಿದ್ದೇನೆ," ಎಂದಳು. "ಎರಡು ವರ್ಷದ ಪ್ರಾಜೆಕ್ಟ್. ಸೈನ್ ಮಾಡಿ ಆಗಿದೆ."

ಅವನ ಮುಖದಲ್ಲಿ ಏನೋ ಆರಿತು. ಅದನ್ನು ಕಂಡದ್ದೇ ಅವಳಿಗೆ ಧೈರ್ಯ ಬಂತು.

"ಹೋಗಬೇಡ ಅಂತ ಹೇಳ್ಬೇಡ. ಹೋಗು ಅಂತಾನೂ ಹೇಳ್ಬೇಡ. ನಿಂಗೇನು ಬೇಕು ಅದನ್ನ ಹೇಳು."

"ನೀನು ಬೇಕು," ಎಂದ ಅವನು, ಯೋಚಿಸದೆ. ಆಮೇಲೆ ಯೋಚಿಸಿ, "ಅಲ್ಲಿದ್ರೂ ಸರಿ. ನಾನು ಬಂದು ಹೋಗ್ತೀನಿ. ಕೆಲಸ ಸಿಕ್ಕಿದ್ರೆ ಬಂದೇಬಿಡ್ತೀನಿ. ನಿಂಗೆ ಬೇಕಾ, ಸಂಪ್ರೀತಾ?"

"ಬೇಕು."

ಅವನು ಜೇಬಿನಿಂದ ಫೋನ್ ತೆಗೆದು ಯಾರಿಗೋ ಕರೆ ಮಾಡಿದ. "ಅಮ್ಮ ಮೈಸೂರಿಂದ ಬಂದಿದ್ದಾರೆ, ಹಾರ್ಲೆಮ್‌ನಲ್ಲೇ ಇದ್ದಾರೆ," ಎಂದು ಪಿಸುಗುಟ್ಟಿ, ಸ್ಪೀಕರ್ ಹಾಕಿದ. "ಅಮ್ಮಾ, ನಾಳೆ ಊಟಕ್ಕೆ ಒಬ್ಬರು ಬರ್ತಾರೆ."

"ಯಾರೋ ಅದು?"

ಫೋನನ್ನು ಅವಳತ್ತ ಚಾಚಿದ. ಸಂಪ್ರೀತಾ ಗಂಟಲು ಸರಿಮಾಡಿಕೊಂಡಳು.

"ನಮಸ್ಕಾರ ಅಮ್ಮ. ನಾನು ಸಂಪ್ರೀತಾ ಅಂತ..."

ಆ ಕಡೆ ಕುಕ್ಕರ್ ಒಂದು ಸೀಟಿ ಹೊಡೆಯಿತು. ಆಮೇಲೆ ಯಾರೋ ಒಲೆ ಆರಿಸಿದ ಸದ್ದು.

"ಯಾವ ಸಂಪ್ರೀತಾ?" ಅವನ ತಾಯಿ ವಾಸಂತಿಯವರ ದನಿ ಸಣ್ಣಗಾಯಿತು. "ಎನ್ಸ್‌ಕೆಡೆ ಸಂಪ್ರೀತಾನಾ?"

ಅವಳು ಎದುರು ಕುಳಿತವನನ್ನು ನೋಡಿದಳು. ಅವನು ತಲೆ ತಗ್ಗಿಸಿದ್ದ.

"ಹೌದಮ್ಮ."

"ನಾಳೆವರೆಗೆ ಯಾಕಮ್ಮಾ," ಎಂದರು ವಾಸಂತಿ. "ಇವತ್ತೇ ಬಾ."